ಗೀಸರ್‌ನೊಳಗಿನ ಮರುವಾಯಿ ಚಿಪ್ಪು

ಏಪ್ರಿಲ್‌ನಲ್ಲಿ ನಮ್ಮ ಗೀಸರ್ ಕೈಕೊಟ್ಟಿತು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬಿಸಿನೀರು ಯಾರಿಗೆ ಬೇಕು ಅಂತ ಕೇಳಬೇಡಿ, ನಮ್ಮ ಅತ್ತೆಗೆ ಬೇಕು. ಎರಡು ತಿಂಗಳಿನಿಂದ ಅದು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಒಳಗೊಳಗೇ ಚಟಪಟ ಅನ್ನುತ್ತಿತ್ತು. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಕೆಂಪು ದೀಪ ಆರುತ್ತಿತ್ತು. ಒಂದು ದಿನ ದೀಪ ಹತ್ತಲೇ ಇಲ್ಲ.

ಪ್ಲಂಬರ್ ಬಂದು ಕಾಯಿಲ್ ಬಿಚ್ಚಿ ಹೊರಗೆ ತೆಗೆದ. ಕಾಯಿಲ್ ಕಾಣಿಸುತ್ತಲೇ ಇರಲಿಲ್ಲ. ಅದರ ಮೈಮೇಲೆ ಬಿಳಿಯ ಹಕ್ಕಳೆ ಕಿರುಬೆರಳಿನಷ್ಟು ದಪ್ಪ ಕಟ್ಟಿತ್ತು. ಬಾಲ್ಕನಿಯ ಕಟ್ಟೆಗೆ ಎರಡು ಸಲ ಕುಟ್ಟಿದ, ಚಕ್ಕೆ ಚಕ್ಕೆಯಾಗಿ ಉದುರಿತು.

"ನೋಡಿ ಅಕ್ಕ, ಹಾರ್ಡ್ ವಾಟರ್. ಸಾಫ್ಟ್‌ನರ್ ಹಾಕಿಸದೆ ಆಗುದಿಲ್ಲ."

ಈ ಮಾತನ್ನು ನಾನು ಆ ತಿಂಗಳಲ್ಲಿ ಕೇಳಿದ್ದು ಅದು ಮೂರನೇ ಸಲ. ಬಜಪೆ ಕಡೆ ಇರುವ ತವರಿನಲ್ಲಿ ತಮ್ಮನ ಬಿಳಿ ಅಂಗಿಗಳು ಚಹಾದಲ್ಲಿ ಅದ್ದಿದ ಹಾಗೆ ಆಗಿದ್ದವು. ಅಲ್ಲೂ ಯಾರೋ ಹಾರ್ಡ್ ವಾಟರ್ ಅಂದಿದ್ದರು. ಉಳ್ಳಾಲದ ಚಿಕ್ಕಮ್ಮನ ಮನೆಯಲ್ಲಿ ಬಾವಿ ನೀರು ಬಾಯಿಗೆ ಇಡಲಾಗದಷ್ಟು ಉಪ್ಪಾಗಿತ್ತು. ಅದಕ್ಕೂ ಅದೇ ಹೆಸರು. ಮೂರು ಮನೆ, ಮೂರು ಬೇರೆ ಬೇರೆ ತೊಂದರೆ, ಒಂದೇ ಹೆಸರು. ಹೆಸರು ಒಂದಾದ್ದರಿಂದ ಮೂರೂ ಮನೆಗೆ ಒಂದೇ ಮದ್ದು, ನೀರನ್ನು ಮೆದು ಮಾಡುವ ಯಂತ್ರ: ಸಾಫ್ಟ್‌ನರ್. ಹೀಗೆ ದುಡ್ಡು ಹಾಳಾಗುವುದನ್ನು ಸುಮಾರು ಕಡೆ ನೋಡಿದ್ದೇನೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳೋಣ ಅನ್ನಿಸಿತು.

ಮೊದಲು ಆ ಬಿಳಿ ಚಕ್ಕೆ. ಅದರ ಒಂದು ತುಂಡನ್ನು ಅಡುಗೆಮನೆಗೆ ತಂದು ತಟ್ಟೆಯಲ್ಲಿಟ್ಟೆ. ಹಿಂದಿನ ದಿನ ಮರುವಾಯಿ ಸುಕ್ಕ, ಅಂದರೆ ಕಪ್ಪೆಚಿಪ್ಪಿನ ಪಲ್ಯ, ಮಾಡಿದ್ದೆ, ಚಿಪ್ಪುಗಳು ಇನ್ನೂ ಕಸದ ಬುಟ್ಟಿಯಲ್ಲಿದ್ದವು. ಒಂದನ್ನು ತೊಳೆದು ಪಕ್ಕದಲ್ಲಿಟ್ಟು ಎರಡರ ಮೇಲೂ ವಿನೆಗರ್ ಹನಿಸಿದೆ. ಎರಡೂ ಸೋಡಾ ಬಾಟಲಿಯ ಹಾಗೆ ಗುಳ್ಳೆ ಬಿಟ್ಟವು. ಗೀಸರ್‌ನ ಚಕ್ಕೆ ಪುಡಿಪುಡಿಯಾದ್ದರಿಂದ ಜೋರಾಗಿ, ಚಿಪ್ಪು ಗಟ್ಟಿಯಾದ್ದರಿಂದ ನಿಧಾನಕ್ಕೆ. ಎರಡೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಊರಿನಲ್ಲಿ ಹಿಂದೆ ಇಂಥ ಚಿಪ್ಪನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಹಿಡಿದು ಮರುವಾಯಿ ತನ್ನ ಮನೆ ಕಟ್ಟಿಕೊಳ್ಳುತ್ತದೆ. ಹೆಚ್ಚುಕಮ್ಮಿ ಅದೇ ಕೆಲಸ ನಮ್ಮ ಗೀಸರ್ ಒಳಗೂ ನಡೆದಿತ್ತು, ಜೀವ ಮಾತ್ರ ಇಲ್ಲ.

ಹಾರ್ಡ್ ವಾಟರ್, ಕನ್ನಡದಲ್ಲಿ ಗಡಸು ನೀರು, ಎಂದರೆ ಇಷ್ಟೇ: ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜಾಸ್ತಿ ಕರಗಿರುವ ನೀರು. ಬೇರೇನೂ ಅಲ್ಲ. ಉಪ್ಪುಪ್ಪಾಗಿದ್ದರೆ, ಕೆಂಪಗಿದ್ದರೆ, ವಾಸನೆ ಬಂದರೆ ಅದು ಗಡಸುತನದ ಗುರುತಲ್ಲ. ಗಡಸು ನೀರು ನೋಡಲು ಸ್ಫಟಿಕದ ಹಾಗೆ ಇರಬಹುದು. ಅಳೆಯುವುದು ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ ಎಂಬ ಲೆಕ್ಕದಲ್ಲಿ. ಸಾಮಾನ್ಯವಾಗಿ ಬಳಸುವ ಒಂದು ಅಳತೆ ಪ್ರಕಾರ 60ರೊಳಗೆ ಇದ್ದರೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ಬಹಳ ಗಡಸು. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುವುದು 200ರ ಒಳಗಿರಲಿ, ಬೇರೆ ನೀರೇ ಸಿಗದಿದ್ದರೆ 600ರ ತನಕ ನಡೆಯುತ್ತದೆ ಎಂದು.

ಈ ಗಡಸುತನದಲ್ಲೂ ಎರಡು ಜಾತಿ. ಒಂದು ಕುದಿಸಿದರೆ ಹೋಗುವಂಥದ್ದು. ಇದರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಇರುತ್ತದೆ. ನೀರು ಬಿಸಿಯಾದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗದ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ. ಗೀಸರ್‌ನ ಚಕ್ಕೆ, ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರ ಎಲ್ಲ ಇದೇ. ಇನ್ನೊಂದು ಕುದಿಸಿದರೂ ಜಪ್ಪಯ್ಯ ಅನ್ನದ್ದು. ಅದು ಕ್ಲೋರೈಡ್, ಸಲ್ಫೇಟ್ ರೂಪದ್ದು. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದದ್ದು ಇನ್ನೂ ಗಡಸಾಗುತ್ತದೆ. ಚಿಕ್ಕಮ್ಮನ ಬಾವಿಗೆ ಬರುವಾಗ ಇದು ನೆನಪಿರಲಿ.

ನಮ್ಮ ಊರಿನ ನೀರು ಮೂಲತಃ ಗಡಸೇ ಅಲ್ಲ. ಬೆಂಗಳೂರಿನಿಂದ ಬಂದು ನಮ್ಮ ಮೇಲಿನ ಫ್ಲ್ಯಾಟ್‌ನಲ್ಲಿ ಇಳಿದುಕೊಂಡ ಹುಡುಗಿ ಜುಲೈಯಲ್ಲಿ ಒಂದು ದೂರು ತಂದಿದ್ದಳು. "ಆಂಟಿ, ಇಲ್ಲಿ ಸೋಪು ಎಷ್ಟು ತೊಳೆದ್ರೂ ಮೈಯಿಂದ ಹೋಗಲ್ಲ, ಜಾರುತ್ತೆ." ಅದು ದೂರಲ್ಲ, ಮೆದು ನೀರಿನ ಸರ್ಟಿಫಿಕೇಟು. ಬೋರ್‌ವೆಲ್ ನೀರಿನಲ್ಲಿ ಮಿಂದು ಬೆಳೆದವರಿಗೆ ಸಾಬೂನು ಹೋದಾಗ ಚರ್ಮ ಕೈಗೆ ತಡೆದ ಹಾಗೆ ಆಗಬೇಕು. ಮೆದು ನೀರಿನಲ್ಲಿ ಆ ತಡೆ ಇರುವುದಿಲ್ಲ.

ಕಾರಣ ನಮ್ಮ ಕಾಲ ಕೆಳಗಿನ ಕಲ್ಲು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನ ಆಸುಪಾಸು ಮಳೆ ಸುರಿಯುವ ಕರಾವಳಿ ಇದು. ಲಕ್ಷಾಂತರ ವರ್ಷ ಹೀಗೆ ನೀರು ಇಳಿದು ಇಳಿದು, ಬಂಡೆಯಲ್ಲಿದ್ದ ಸುಲಭವಾಗಿ ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲ ಯಾವತ್ತೋ ಸಮುದ್ರ ಸೇರಿವೆ. ಕರಗದೆ ಉಳಿದದ್ದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ. ಅದೇ ನಮ್ಮ ಮುರಕಲ್ಲು. ಇಂಗ್ಲಿಷಿನವರು ಇದನ್ನು ಲ್ಯಾಟರೈಟ್ ಅನ್ನುತ್ತಾರೆ. ಆ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಅವನು 1800ರ ಹೊತ್ತಿಗೆ ಮೈಸೂರು, ಕೆನರಾ, ಮಲಬಾರ್ ಸುತ್ತಿದಾಗ ಜನ ಇದನ್ನು ನೆಲದಿಂದ ಕಡಿದು ಇಟ್ಟಿಗೆಯ ಹಾಗೆ ಕಟ್ಟುವುದನ್ನು ನೋಡಿದ್ದ. ಲ್ಯಾಟಿನ್‌ನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಮುರಕಲ್ಲಿನಲ್ಲಿ ತೋಡಿದ ಬಾವಿಯ ನೀರಿಗೆ ಕರಗಿಸಿಕೊಳ್ಳಲು ಕ್ಯಾಲ್ಸಿಯಂ ಸಿಗುವುದೇ ಕಷ್ಟ. ಘಟ್ಟದಿಂದ ಇಳಿದು ಬರುವ ನದಿಯ ನೀರೂ ಹಾಗೇ, ಮೆದು. ಮಂಗಳೂರಿಗೆ ನೇತ್ರಾವತಿಯಿಂದ, ತುಂಬೆ ಕಿಂಡಿ ಅಣೆಕಟ್ಟಿನ ಮೂಲಕ ನೀರು. ಉಡುಪಿಗೆ ಸ್ವರ್ಣಾ ನದಿಯಿಂದ, ಹಿರಿಯಡ್ಕದ ಹತ್ತಿರದ ಬಜೆಯಿಂದ.

ಹಾಗಾದರೆ ನಮ್ಮ ಕಾಯಿಲ್ ಮೇಲೆ ಅಷ್ಟು ಸುಣ್ಣ ಬಂದದ್ದು ಎಲ್ಲಿಂದ?

ಬಿಜೈ ಕಡೆಯ ನಮ್ಮ ಫ್ಲ್ಯಾಟಿನ ನೆಲದಡಿಯ ಸಂಪ್ ಟ್ಯಾಂಕಿಗೆ ಮೂರು ಪೈಪ್ ಬರುತ್ತದೆ. ಒಂದು ಕಾರ್ಪೊರೇಷನ್ ನೀರಿನದ್ದು, ಒಂದು ಬೋರ್‌ವೆಲ್‌ನದ್ದು, ಮತ್ತೊಂದು ಟ್ಯಾಂಕರ್ ಬಂದರೆ ಸಿಕ್ಕಿಸುವಂಥದ್ದು. ಮೂರೂ ಕಲೆತು ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಜೂನ್‌ನಿಂದ ಡಿಸೆಂಬರ್ ತನಕ ಹೆಚ್ಚುಕಮ್ಮಿ ನೇತ್ರಾವತಿಯೇ. ಮಾರ್ಚ್ ಬಂದರೆ ಪತ್ರಿಕೆಯ ಸ್ಥಳೀಯ ಪುಟದಲ್ಲಿ ತುಂಬೆಯ ನೀರಿನ ಮಟ್ಟ ಇಷ್ಟು ಮೀಟರಿಗೆ ಇಳಿಯಿತು ಎಂಬ ಸುದ್ದಿ ಶುರು. 2016, 2019, 2023ರ ಬೇಸಿಗೆಯಲ್ಲಿ ನೀರಿನ ರೇಷನ್ ಆದದ್ದು ನಿಮಗೂ ನೆನಪಿರಬಹುದು. ಆಗ ಬೋರ್ ಪಂಪ್ ದಿನವಿಡೀ ಓಡುತ್ತದೆ. ಬೋರ್ ಇಳಿಯುವುದು ಮುರಕಲ್ಲನ್ನು ದಾಟಿ ಕೆಳಗಿನ ಕರಿ ಬಂಡೆಗೆ. ಅದು ಇನ್ನೂ ತೊಳೆದು ಹೋಗದ ಬಂಡೆ. ಅದರ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತು, ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿಕೊಂಡಿರುತ್ತದೆ. ಅಂದರೆ ಒಂದೇ ನಲ್ಲಿಯಲ್ಲಿ ಆಗಸ್ಟ್‌ನಲ್ಲಿ ಒಂದು ನೀರು, ಏಪ್ರಿಲ್‌ನಲ್ಲಿ ಇನ್ನೊಂದು. ಜುಲೈಯಲ್ಲಿ ಪರೀಕ್ಷೆ ಮಾಡಿಸಿ "ನಮ್ಮದು ಒಳ್ಳೆ ನೀರು" ಅಂತ ಸುಮ್ನೆ ಕೂತವರಿಗೆ ಇದು ಗೊತ್ತಾಗುವುದಿಲ್ಲ.

ಹೊಸ ಕಟ್ಟಡಗಳಲ್ಲಿ ಇನ್ನೊಂದು ತಮಾಷೆ ಉಂಟು. ಸಿಮೆಂಟಿನ ಹೊಸ ಸಂಪ್ ಟ್ಯಾಂಕಿಗೆ ನಮ್ಮ ಮೆದು ನೀರು ತುಂಬಿಸಿದರೆ ಅದು ಗೋಡೆಯಿಂದಲೇ ಸುಣ್ಣ ಕದಿಯುತ್ತದೆ. ಮೊದಲ ಕೆಲವು ತಿಂಗಳು ನೀರು ಸ್ವಲ್ಪ ಗಡಸಾಗಿ ಕಂಡರೆ ಗಾಬರಿ ಬೇಡ.

ಇನ್ನು ತವರಿನ ಹಳದಿ ಅಂಗಿ. ಬಜಪೆಯ ಗುಡ್ಡ ಎಂದರೆ ಮುರಕಲ್ಲೇ. ವಿಮಾನ ನಿಲ್ದಾಣ ಕೂತಿರುವುದೂ ಅಂಥದೇ ಗುಡ್ಡದ ನೆತ್ತಿಯಲ್ಲಿ. ಅಲ್ಲಿನ ನೀರಿಗೆ ಸಿಗುವುದು ಕ್ಯಾಲ್ಸಿಯಂ ಅಲ್ಲ, ಕಬ್ಬಿಣ. ಅಮ್ಮ ಬೆಳಿಗ್ಗೆ ಕೊಡಕ್ಕೆ ತುಂಬಿಸುವಾಗ ನೀರು ತಿಳಿಯಾಗಿಯೇ ಇರುತ್ತದೆ. ಮಧ್ಯಾಹ್ನಕ್ಕೆ ತಳದಲ್ಲಿ ಕಾವಿ ಮಣ್ಣಿನಂಥ ಗಸಿ. ನೆಲದಡಿಯಲ್ಲಿ ಗಾಳಿ ತಾಗದಿದ್ದಾಗ ಕಬ್ಬಿಣ ಬಣ್ಣವಿಲ್ಲದೆ ಕರಗಿಕೊಂಡಿರುತ್ತದೆ, ಗಾಳಿ ತಾಗಿದ್ದೇ ತುಕ್ಕಾಗಿ ಬೇರೆಯಾಗುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆಗೆ ಕಲೆ, ಬಾಯಿಗೆ ಕಬ್ಬಿಣದ ರುಚಿ. ನೀರಿನ ಮೇಲೆ ಎಣ್ಣೆಯಂಥ ಕಾಮನಬಿಲ್ಲಿನ ಪೊರೆ ಕಂಡರೆ ಕಡ್ಡಿಯಿಂದ ತಿವಿದು ನೋಡಿ. ಗಾಜು ಒಡೆದ ಹಾಗೆ ಚೂರುಚೂರಾದರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಪಂಪಿನದ್ದೋ ವಾಹನದ್ದೋ ನೋಡಬೇಕು.

ಕಬ್ಬಿಣ ಪತ್ತೆ ಮಾಡಲು ಲ್ಯಾಬ್ ಬೇಡ, ಹಿತ್ತಲಿನ ಪೇರಳೆ (ಸೀಬೆ) ಮರ ಸಾಕು. ಎರಡು ಎಳೆ ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿ. ಎಲೆಯ ಒಗರು ಕಬ್ಬಿಣದ ಜೊತೆ ಕೂಡಿ ನೀರು ನೇರಳೆಯಾಗಿ, ಕಪ್ಪಾಗುತ್ತದೆ. ಎಷ್ಟು ಕಬ್ಬಿಣ ಎಂಬ ಲೆಕ್ಕ ಇದರಲ್ಲಿ ಸಿಗುವುದಿಲ್ಲ, ಇದೆಯೋ ಇಲ್ಲವೋ ಎಂಬುದು ಸಿಗುತ್ತದೆ. ತವರಿನಲ್ಲಿ ಚಹಾ ಯಾವಾಗಲೂ ಕಪ್ಪು ಕಪ್ಪಾಗಿ ಯಾಕೆ ಎಂಬುದು ನನಗೆ ಅರ್ಥವಾದದ್ದು ಆವತ್ತೇ. ಚಹಾಸೊಪ್ಪಿನಲ್ಲೂ ಅದೇ ಒಗರು ಇರುವುದು.

ಒಂದು ಎಚ್ಚರಿಕೆ. ಕೆಂಪು ಬಣ್ಣ ಬೆಳಿಗ್ಗೆಯ ಮೊದಲ ಬಕೆಟಿನಲ್ಲಿ ಮಾತ್ರ ಇದ್ದು ಆಮೇಲೆ ತಿಳಿಯಾದರೆ ತಪ್ಪು ಬಾವಿಯದ್ದಲ್ಲ, ಹಳೆ ಜಿಐ (ಸತು ಲೇಪದ ಕಬ್ಬಿಣ) ಪೈಪಿನದ್ದು. ಮುರಕಲ್ಲಿನ ಬಾವಿಯ ನೀರು ಮೆದುವಷ್ಟೇ ಅಲ್ಲ, ಸ್ವಲ್ಪ ಹುಳಿ ಕೂಡ. ನಾಲಿಗೆಗೆ ತಿಳಿಯದಷ್ಟು ಹುಳಿ, ಪೈಪಿಗೆ ತಿಳಿಯುವಷ್ಟು. ಹುಳಿ ಅಳೆಯುವ ಪಿಎಚ್ 6.5ರಿಂದ 8.5 ಇರಬೇಕು ಎನ್ನುತ್ತದೆ ಮಾನದಂಡ, ನಮ್ಮ ಕಡೆಯ ಎಷ್ಟೋ ಬಾವಿಗಳದ್ದು ಅದಕ್ಕಿಂತ ಕೆಳಗೆ. ಅಂಥ ನೀರು ಕಬ್ಬಿಣದ ಪೈಪನ್ನು ತಿನ್ನುತ್ತದೆ, ಬಚ್ಚಲಿನ ತಾಮ್ರದ ಹಂಡೆಗೆ ಹಸಿರು ಕಲೆ ಬರಿಸುತ್ತದೆ. ಗಡಸು ನೀರು ಪೈಪಿನೊಳಗೆ ಸುಣ್ಣ ಕಟ್ಟುತ್ತದೆ, ಹುಳಿ ನೀರು ಪೈಪನ್ನೇ ಕರಗಿಸುತ್ತದೆ. ಒಂದಕ್ಕೊಂದು ಪೂರಾ ಉಲ್ಟಾ. ತವರಿನ ನೀರಿಗೆ ಸಾಫ್ಟ್‌ನರ್ ಹಾಕಿಸಿದ್ದರೆ ಏನಾಗುತ್ತಿತ್ತು ಗೊತ್ತಾ? ತೆಗೆಯಲು ಕ್ಯಾಲ್ಸಿಯಂ ಇಲ್ಲ, ಬದಲಿಗೆ ಕಬ್ಬಿಣ ಹೋಗಿ ಅದರೊಳಗಿನ ಮಣಿಗಳಿಗೆ ಅಂಟಿಕೊಂಡು ಮಿಷನ್ನೇ ಹಾಳು. ಆ ನೀರಿಗೆ ಬೇಕಾದದ್ದು ಸುಣ್ಣದ ಕಲ್ಲಿನ ಮೇಲೆ ಹಾಯಿಸಿ ಹುಳಿ ಮುರಿಯುವುದು, ಎತ್ತರದಿಂದ ಧುಮುಕಿಸಿ ಗಾಳಿ ತಾಗಿಸುವುದು, ಮರಳಿನಲ್ಲಿ ಸೋಸುವುದು. ಹುಳಿ ಮುರಿಯದಿದ್ದರೆ ತುಕ್ಕು ಬೇಗ ಬೇರೆಯಾಗುವುದಿಲ್ಲ. ಅಂದರೆ ಅಲ್ಲಿ ಸ್ವಲ್ಪ ಗಡಸುತನವನ್ನು ನಾವೇ ಸೇರಿಸಬೇಕು!

ಅಂಗಿಯ ಕಲೆಗೆ ಬ್ಲೀಚ್ ಹಾಕಬೇಡಿ. ತಮ್ಮ ಹಾಕಿಯೇ ಕೆಡಿಸಿದ್ದು. ಬ್ಲೀಚ್ ತುಕ್ಕನ್ನು ಇನ್ನೂ ಗಟ್ಟಿ ಕೂರಿಸುತ್ತದೆ. ತುಕ್ಕಿಗೆ ಬಿಂಬುಳಿ (ಬಿಲಿಂಬಿ ಎಂಬ ಹುಳಿ ಕಾಯಿ) ಒಳ್ಳೆಯದು, ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಬಿಡಿಸಿಕೊಂಡು ಹೋಗುತ್ತದೆ. ನಮ್ಮ ಅಜ್ಜಿಯಂದಿರು ಹಿತ್ತಾಳೆ ಪಾತ್ರೆ ತಿಕ್ಕಲು ಬಿಂಬುಳಿ ಬಳಸುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ನಮ್ಮ ಫ್ಲ್ಯಾಟಿನ ನಲ್ಲಿಯ ಬಿಳಿ ಕಲೆಗೆ ಬಿಂಬುಳಿ ನಡೆಯುವುದಿಲ್ಲ. ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಇನ್ನೊಂದು ಪದರವೇ ಆಗುತ್ತದೆ. ಬಿಳಿ ಕಲೆಗೆ ಲಿಂಬೆ ಅಥವಾ ವಿನೆಗರ್. ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಆಯಿತು. ಗ್ರಾನೈಟ್, ಮಾರ್ಬಲ್ ಮೇಲೆ ಚೆಲ್ಲಬೇಡಿ. ಮಾರ್ಬಲ್ ಕೂಡ ಮರುವಾಯಿ ಚಿಪ್ಪಿನ ಸಂಬಂಧಿಯೇ, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ.

ಉಳ್ಳಾಲದ್ದು ಮೂರನೇ ಕಥೆ. ನೇತ್ರಾವತಿ, ಫಲ್ಗುಣಿ ಎರಡೂ ಬೆಂಗ್ರೆ ಮತ್ತು ಉಳ್ಳಾಲದ ನಡುವಿನ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಬೇಸಿಗೆಯಲ್ಲಿ ನದಿಯ ಹರಿವು ಕಡಿಮೆಯಾದಾಗ ಭರತದ ನೀರು ಒಳಗೆ ನುಗ್ಗುತ್ತದೆ. ನೆಲದಡಿಯಲ್ಲೂ ಹಾಗೇ. ಕಡಲತೀರದ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಯಾಕೆಂದರೆ ಅದು ಹಗುರ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ತನಕ ಸಿಹಿ. ಇದರ ಅರ್ಥ ಏನು? ಪಂಪ್ ಹಾಕಿ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ಅದರ 40 ಪಟ್ಟು ಮೇಲೇಳಲು ಹೊರಡುತ್ತದೆ. ಹಗ್ಗ, ರಾಟೆಯಲ್ಲಿ ಸೇದುವಾಗ ಸಿಹಿಯಿದ್ದ ಬಾವಿ ಮೋಟಾರ್ ಬಂದ ಮೇಲೆ ಉಪ್ಪಾದದ್ದು ಹೀಗೆ.

ಸಮುದ್ರದ ನೀರು ಉಪ್ಪಷ್ಟೇ ಅಲ್ಲ, ಭಯಂಕರ ಗಡಸು. ಅದರಲ್ಲಿ ಮೆಗ್ನೀಸಿಯಂ ಬಹಳ, ಗಡಸುತನ 6,000 ದಾಟುತ್ತದೆ. ನೂರು ಕೊಡದಲ್ಲಿ ಐದು ಕೊಡ ಸಮುದ್ರದ್ದಾದರೆ ಸಾಕು, ಗಡಸುತನ 300ರ ಮೇಲೆ, ಕ್ಲೋರೈಡ್ ಸಾವಿರದ ಹತ್ತಿರ. ಚಿಕ್ಕಮ್ಮನ ಸಾಬೂನು ನೊರೆ ಬಿಡದಿರುವುದಕ್ಕೆ ಇದೇ ಕಾರಣ, ಆದ್ದರಿಂದ ಅಲ್ಲಿ ಹಾರ್ಡ್ ವಾಟರ್ ಅಂದವರು ಪೂರ್ತಿ ತಪ್ಪಲ್ಲ. ಆದರೆ ಇದು ಕುದಿಸಿದರೆ ಹೋಗುವ ಜಾತಿಯದ್ದಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಉಪ್ಪು ಉಪ್ಪಾಗಿಯೇ ಉಳಿಯುತ್ತದೆ. ಅಂಥ ಕಡೆ ಕುಡಿಯುವ ನೀರಿಗೆ ಮಾತ್ರ ಉಪ್ಪನ್ನೂ ಸೋಸಿ ತೆಗೆಯುವ ಆರ್‌ಒ ಇಟ್ಟುಕೊಂಡು, ಮಳೆನೀರನ್ನು ಬಾವಿಗೆ ಇಂಗಿಸುವುದೇ ದಾರಿ. ಚಿಕ್ಕಮ್ಮ ಎರಡು ವರ್ಷದ ಹಿಂದೆ ಮಾಡಿನ ನೀರನ್ನು ಸೋಸಿ ಬಾವಿಗೆ ಬಿಟ್ಟಿದ್ದಾರೆ. ಫೆಬ್ರವರಿಯಲ್ಲೇ ಉಪ್ಪಾಗುತ್ತಿದ್ದ ಬಾವಿ ಈಗ ಏಪ್ರಿಲ್ ತನಕ ತಡೆಯುತ್ತದೆ.

ಇಷ್ಟಾದ ಮೇಲೆ ನಮ್ಮ ಫ್ಲ್ಯಾಟಿನ ನಿಜವಾದ ಗಡಸು ನೀರಿಗೆ ಬರೋಣ. ಅದು ಮನೆಯಲ್ಲಿ ಏನೇನು ಮಾಡುತ್ತದೆ?

ಸಾಬೂನು ತಿನ್ನುತ್ತದೆ, ಇದು ಮೊದಲನೆಯದು. ಸಾಬೂನು ನೀರಿಗೆ ಬಿದ್ದಾಗ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಬೂದು ಬಣ್ಣದ ಜಿಡ್ಡಾಗುತ್ತದೆ. ಕ್ಯಾಲ್ಸಿಯಂ ಮುಗಿದ ಮೇಲೆಯೇ ನೊರೆ. 300 ಗಡಸುತನದ 20 ಲೀಟರ್ ಬಕೆಟಿನಲ್ಲಿ 6 ಗ್ರಾಂ ಸುಣ್ಣದಂಶ ಇರುತ್ತದೆ. ಅಷ್ಟನ್ನೂ ಸಾಬೂನಿನಿಂದಲೇ ಮುಗಿಸಬೇಕಾದರೆ ಲೆಕ್ಕಕ್ಕೆ ಸುಮಾರು 37 ಗ್ರಾಂ ಬೇಕು, ನೂರು ಗ್ರಾಮಿನ ಸಾಬೂನಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ. ಬಚ್ಚಲಿನ ಟೈಲ್ಸ್ ಮೇಲಿನ ಆ ಬೂದು ಜಿಡ್ಡು, ಟವೆಲ್ ಹಪ್ಪಳದ ಹಾಗೆ ಆಗುವುದು, ಎಲ್ಲ ಇದರದ್ದೇ. ಬಟ್ಟೆಯ ಪೌಡರಿನಲ್ಲಿ ಗಡಸುತನ ತಡೆಯುವ ಸಾಮಾನು ಸೇರಿಸಿರುತ್ತಾರೆ, ಹಾಗಾಗಿ ಅಲ್ಲಿ ಅಷ್ಟು ಕಷ್ಟವಿಲ್ಲ. ಬಾರ್ ಸೋಪಿನಲ್ಲಿ ಒಗೆಯುವವರಿಗೇ ಪೆಟ್ಟು.

ಬೇಳೆ ಬೇಯುವುದಿಲ್ಲ. ಕ್ಯಾಲ್ಸಿಯಂ ಕಾಳಿನ ಗೋಡೆಯಲ್ಲಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಕಡಲೆ ಸುಕ್ಕಕ್ಕೆ ರಾತ್ರಿ ನೆನೆಸಿಟ್ಟ ಕಡಲೆ ಏಪ್ರಿಲ್‌ನಲ್ಲಿ ಎರಡು ವಿಷಲ್ ಜಾಸ್ತಿ ಕೇಳುತ್ತದೆ. ನಾನು ಅಂಗಡಿಯವನನ್ನು ಎಷ್ಟೋ ಸಲ ಸುಮ್ಮನೆ ಬೈದುಕೊಂಡಿದ್ದೇನೆ, ಹಳೆ ಕಡಲೆ ಕೊಟ್ಟ ಅಂತ. ಹಳೆ ಕಾಳೂ ಬೇಯುವುದು ನಿಧಾನವೇ, ಅದು ಬೇರೆ ಮಾತು.

ಗೀಸರ್‌ನ ಕಥೆ ಸ್ವಲ್ಪ ವಿಚಿತ್ರ. ಸುಣ್ಣದ ಪದರ ಶಾಖವನ್ನು ಬೇಗ ದಾಟಿಸುವುದಿಲ್ಲ. ಕಾಯಿಲ್ ಕೊಡುವ ಶಾಖ ಕೊನೆಗೆ ನೀರಿಗೇ ಹೋದರೂ, ಅಷ್ಟರಲ್ಲಿ ಕಾಯಿಲ್‌ನ ಸ್ವಂತ ಮೈ ವಿಪರೀತ ಕಾದಿರುತ್ತದೆ. ಪದರದ ಕೆಳಗೆ ಸಿಕ್ಕಿಕೊಂಡ ನೀರು ಕುದಿದು ಒಡೆಯುವುದೇ ಆ ಚಟಪಟ. ಥರ್ಮೋಸ್ಟಾಟ್ ಇರುವ ಕೊಳವೆಗೂ ಸುಣ್ಣ ಮೆತ್ತಿದರೆ ಅದು ಕಾಯಿಲ್‌ನ ಬಿಸಿಯನ್ನು ನೀರಿನ ಬಿಸಿ ಅಂದುಕೊಂಡು ಬೇಗ ಕಟ್ ಮಾಡುತ್ತದೆ. ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ನೀರು ಬಿಸಿಯಾದಷ್ಟೂ ಸುಣ್ಣ ಜಾಸ್ತಿ ಕೂರುವುದರಿಂದ ಗೀಸರ್‌ನ ಗುಂಡಿಯನ್ನು 50-55 ಡಿಗ್ರಿಗೆ ಇಳಿಸುವುದು ಖರ್ಚಿಲ್ಲದ ಉಪಾಯ. ಮಂಗಳೂರಿನಲ್ಲಿ 70 ಡಿಗ್ರಿ ನೀರು ಯಾರಿಗೆ ಬೇಕು, ಹೇಳಿ.

ಕೂದಲಿಗೆ? ಕ್ಯಾಲ್ಸಿಯಂ, ಸಾಬೂನಿನ ಜಿಡ್ಡು ಎರಡೂ ಕೂದಲ ಮೇಲೆ ಕೂತು ಒರಟಾಗಿಸುತ್ತವೆ. ಬಾಚುವಾಗ ಸಿಕ್ಕಾಗಿ ತುಂಡಾಗಬಹುದು. ಆದರೆ ಅದು ಕೂರುವುದು ಕೂದಲ ಮೇಲೆ, ಬೇರಿನಲ್ಲಿ ಅಲ್ಲ. ಕಡೆಯ ಸಲ ಒಂದು ಚಮಚ ವಿನೆಗರ್ ಹಾಕಿದ ನೀರು ಹೊಯ್ದರೆ ಒರಟು ಕಡಿಮೆಯಾಗುತ್ತದೆ. ಕಿಡ್ನಿ ಕಲ್ಲಿನ ಭಯ ಎಲ್ಲರಿಗೂ ಇದೆ, ಗೀಸರ್‌ನ ಕಲ್ಲು ನೋಡಿದವರಿಗೆ ಸಹಜವೇ. ಗಡಸು ನೀರು ಕುಡಿದದ್ದಕ್ಕೇ ಕಲ್ಲಾಗುತ್ತದೆ ಎಂದು ಸಾಬೀತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಗಡಸುತನಕ್ಕೆ ಮಿತಿಯನ್ನೇ ಇಟ್ಟಿಲ್ಲ. ನಮ್ಮ ಸೆಕೆಯಲ್ಲಿ ಬೆವರಿ, ನೀರು ಕಡಿಮೆ ಕುಡಿಯುವುದು ಕಲ್ಲಿಗೆ ಅದಕ್ಕಿಂತ ದೊಡ್ಡ ಕಾರಣ. ಕಲ್ಲು ಇದೆ ಎಂದು ಗೊತ್ತಿದ್ದವರು ಡಾಕ್ಟರ ಹತ್ತಿರ ಕೇಳಿ, ಪ್ಲಂಬರ್ ಹತ್ತಿರ ಅಲ್ಲ.

ಕಾಯಿಲ್ ಬದಲಾದ ಎರಡೇ ದಿನಕ್ಕೆ ಮನೆಗೆ ಒಬ್ಬ ಮಾರಾಟದ ಹುಡುಗ ಬಂದ. ಕೈಯಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್. ನಮ್ಮ ನೀರಿಗೆ ಅದ್ದಿ, "ನೋಡಿ ಮೇಡಂ, 410" ಅಂದ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವುದರ ಒಟ್ಟು ಅಂದಾಜು, ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರಿಂದ ತೆಗೆದದ್ದು. ಅದು ಕ್ಯಾಲ್ಸಿಯಮೋ ಅಡುಗೆ ಉಪ್ಪೋ ಮೀಟರಿಗೆ ಗೊತ್ತಾಗುವುದಿಲ್ಲ. ಗಡಸುತನ ಅಳೆಯುವ ಯಂತ್ರ ಅದಲ್ಲ. ಒಳ್ಳೆಯ ಸಾಫ್ಟ್‌ನರ್ ಹಾಕಿದ ಮೇಲೂ ಟಿಡಿಎಸ್ ಇಳಿಯುವುದಿಲ್ಲ, ಒಂದು ಕೂದಲೆಳೆ ಏರಿದರೂ ಏರಿತು.

ಆಮೇಲೆ ಹುಡುಗ ಇನ್ನೊಂದು ಸಾಧನ ತೆಗೆದ. ನಾಲ್ಕು ಲೋಹದ ಕಡ್ಡಿ. ಎರಡನ್ನು ನಮ್ಮ ನೀರಿನ ಲೋಟಕ್ಕೆ, ಎರಡನ್ನು ಅವನ ಆರ್‌ಒ ನೀರಿಗೆ ಇಳಿಸಿ ಪ್ಲಗ್ ಹಾಕಿದ. ಒಂದು ನಿಮಿಷದಲ್ಲಿ ನಮ್ಮ ಲೋಟ ಚರಂಡಿ ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ತೇಲತೊಡಗಿತು. ಅವನದ್ದು ತಿಳಿಯಾಗಿಯೇ ಇತ್ತು. ಅತ್ತೆ "ಶಿವನೇ, ಇದನ್ನಾ ನಾವು ಕುಡಿದದ್ದು?" ಅಂದರು. ಆ ಕೊಳೆ ನೀರಿನದ್ದಲ್ಲ, ಕಡ್ಡಿಯದ್ದು. ಕಬ್ಬಿಣದ ಕಡ್ಡಿಗೆ ಕರೆಂಟ್ ಹರಿದರೆ ಅದು ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಹಾಗಾಗಿ ತಿಳಿ. ನಾನು ಆ ತಿಳಿ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಪ್ಲಗ್ ಹಾಕಲು ಹೇಳಿದೆ. ಅವನ ನೀರೂ ಚರಂಡಿಯಾಯಿತು. ಹುಡುಗ ಪಾಪ, ಅವನಿಗೂ ಇದು ಗೊತ್ತಿದ್ದ ಹಾಗೆ ಕಾಣಲಿಲ್ಲ. ಅತ್ತೆ ಅವನಿಗೆ ಪುನರ್ಪುಳಿ ಜ್ಯೂಸ್ ಕೊಟ್ಟು ಕಳಿಸಿದರು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಲ್ಲಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿತ್ತು. ಕುಡಿಯಲು ಬರುವುದಕ್ಕಿಂತ ಚೆಲ್ಲಿಹೋಗುವುದೇ ಜಾಸ್ತಿ ಎಂಬುದು ಒಂದು ಮುಖ್ಯ ಕಾರಣ.

ಹಾಗಾದರೆ ಗಡಸುತನ ಅಳೆಯುವುದು ಹೇಗೆ? ಅಂದಾಜು ಸಾಕಾದರೆ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ನಿಮ್ಮ ನೀರು ಅರ್ಧ, ಇನ್ನೊಂದಕ್ಕೆ ಅಷ್ಟೇ ಮಳೆನೀರು. ಬೇಸಿಗೆಯಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಒಂದೇ ಅಳತೆಯ ಸಾಬೂನಿನ ತುರಿ ಹಾಕಿ ಕುಲುಕಿ. ಮಳೆನೀರು ಬಾಟಲಿಯ ಕತ್ತಿನ ತನಕ ನೊರೆಯಾಗುತ್ತದೆ, ಗಡಸು ನೀರು ಹಾಲಿನ ಹಾಗೆ ಮಸುಕಾಗಿ ಸುಮ್ಮನಿರುತ್ತದೆ. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಇದಕ್ಕೆ ಆಗುವುದಿಲ್ಲ, ಅವು ಗಡಸು ನೀರಿನಲ್ಲೂ ನೊರೆ ಬಿಡುತ್ತವೆ. ಲೆಕ್ಕ ಬೇಕಾದರೆ ಹನಿ ಹಾಕಿ ನೋಡುವ ಕಿಟ್ ಸಿಗುತ್ತದೆ. ನೀರಿಗೆ ಬಣ್ಣದ ಪುಡಿ ಹಾಕಿದರೆ ದ್ರಾಕ್ಷಿಯ ಕೆಂಪು ಬರುತ್ತದೆ. ಆಮೇಲೆ ಒಂದೊಂದೇ ಹನಿ ಹಾಕುತ್ತಾ ಹೋದರೆ ಒಂದು ಹನಿಗೆ ಥಟ್ಟನೆ ನೀಲಿ. ಎಷ್ಟು ಹನಿ ಎಂದು ಎಣಿಸಿದರೆ ಆಯಿತು, ಹನಿಗೆ ಎಷ್ಟು ಎಂಬುದು ಡಬ್ಬದ ಮೇಲೆ ಇರುತ್ತದೆ.

ಸಾಫ್ಟ್‌ನರ್ ಕೆಟ್ಟದ್ದೇನಲ್ಲ. ಅದರೊಳಗೆ ಸಾಬಕ್ಕಿಗಿಂತ ಸಣ್ಣ ರೆಸಿನ್ ಮಣಿಗಳಿರುತ್ತವೆ, ಸೋಡಿಯಂ ಹಿಡಿದುಕೊಂಡು. ಕ್ಯಾಲ್ಸಿಯಂ ಬಂದರೆ ಅದನ್ನು ಹಿಡಿದು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ಮೊದಲಿನ ಹಾಗೆ. ಆದರೆ ಲೆಕ್ಕ ನೋಡಿ. ನಾಲ್ಕು ಜನ, ತಲಾ 135 ಲೀಟರ್, ದಿನಕ್ಕೆ 540 ಲೀಟರ್. ಗಡಸುತನ 300 ಆದರೆ ದಿನಕ್ಕೆ 162 ಗ್ರಾಂ ಹಿಡಿಯಬೇಕು. ಕಾಗದದ ಮೇಲಿನ ಲೆಕ್ಕದಲ್ಲೇ 190 ಗ್ರಾಂ ಉಪ್ಪು, ನಿಜವಾಗಿ ಅದಕ್ಕಿಂತ ತುಂಬಾ ಜಾಸ್ತಿ. ಆ ಉಪ್ಪುನೀರು ಕೊನೆಗೆ ನಮ್ಮದೇ ನೆಲಕ್ಕೆ, ಪಕ್ಕದವರ ಬಾವಿಗೆ. ಕುಡಿಯುವ ನೀರಿಗೂ ಲೀಟರಿಗೆ 138 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಬಿಪಿ ಇರುವವರು ಯೋಚಿಸಬೇಕು. ಇನ್ನು ಶವರಿಗೆ ಸಿಕ್ಕಿಸುವ ಅಂಗೈಯಷ್ಟು ಫಿಲ್ಟರ್. ಅದರಲ್ಲಿ ನೂರು ಮಿಲಿಲೀಟರ್ ರೆಸಿನ್ ಇದೆ ಅಂತಲೇ ಇಟ್ಟುಕೊಳ್ಳಿ, ಅದು ಹೆಚ್ಚೆಂದರೆ 10 ಗ್ರಾಂ ಹಿಡಿದೀತು. ಎರಡು ಬಕೆಟಿಗೂ ಸಾಲದು. ಪೈಪಿಗೆ ಕಟ್ಟುವ ಅಯಸ್ಕಾಂತ ಒಂದು ಗ್ರಾಂ ಕ್ಯಾಲ್ಸಿಯಮನ್ನೂ ತೆಗೆಯುವುದಿಲ್ಲ.

ನಾವು ಕೊನೆಗೆ ಮಾಡಿದ್ದು ಸಣ್ಣ ಕೆಲಸ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಅರ್ಧ ಗಂಟೆ ಜಗಳವಾಡಿ, ಬೋರ್ ನೀರನ್ನು ಸಂಪಿನಿಂದ ಬೇರೆ ಮಾಡಿ, ಫ್ಲಶ್ಶಿಗೂ ಕಾರ್ ತೊಳೆಯಲಿಕ್ಕೂ ಬೇರೆ ಟ್ಯಾಂಕ್ ಇಟ್ಟೆವು. ಪೈಪಿನ ಖರ್ಚು ಎಲ್ಲ ಮನೆಗೆ ಹಂಚಿದಾಗ ಒಂದು ಕಾಯಿಲ್‌ನ ರೇಟಿನ ಆಸುಪಾಸು ಬಂತು. ತೀರಾ ಬರಗಾಲದ ಎರಡು ವಾರ ಮಾತ್ರ ವಾಲ್ವ್ ತೆಗೆದು ಬೋರ್ ನೀರು ಸೇರಿಸುವುದು, ಸೇರಿಸುವ ಮೊದಲು ಲಿಫ್ಟಿನ ಪಕ್ಕ ಬೋರ್ಡಿನಲ್ಲಿ ಬರೆಯುವುದು ಎಂದು ಒಪ್ಪಿಕೊಂಡೆವು. ಬರೆದ ದಿನ ನಾನು ಗೀಸರ್ ಆಫ್ ಮಾಡುತ್ತೇನೆ. ಅತ್ತೆಗೆ ಆವತ್ತು ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯುತ್ತದೆ. ಪಾತ್ರೆಯಾದರೆ ಸುಣ್ಣ ಕಟ್ಟಿದರೂ ಕೆರೆದು ತೆಗೆಯಬಹುದು, ಅಲ್ವಾ.